ಮರೆತ ಹೆಸರುಗಳೂ ಕಟ್ಟಿದ ಕಥೆಗಳೂ



ಈ ಸಲ ಅನ್ಯರ ದೋಷಗಳನ್ನು ಎತ್ತಿ ಆಡದೆ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕೆಂದು ಸಂಕಲ್ಪಿಸಿದ್ದೇವೆ. ಕೆಲವು ತಿಂಗಳುಗಳ ಹಿಂದಿನ ಮಾತು. ಒಂದು ಮುಂಜಾನೆ ನಾವು ಲಿಂಗಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ಮನೆಯ ಪಡಸಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕಾದು ಕುಳಿತಿದ್ದಳು. ಪದವಿ ತರಗತಿಯಲ್ಲಿ ಇತಿಹಾಸವನ್ನು ಓದುತ್ತಿರುವ ಹುಡುಗಿ. ಕಿತ್ತೂರು ಸಂಸ್ಥಾನದ ಸ್ತ್ರೀಯರನ್ನು ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿರುವುದಾಗಿ ಹೇಳಿ, ಅಚ್ಚುಕಟ್ಟಾಗಿ ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ತೆರೆದಳು. ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮಾಜಿಯ ಸೇವೆಗೆ ನಿಂತು, ಜೋಳದ ಹಿಟ್ಟಿನ ಬುಟ್ಟಿಯಲ್ಲಿ ಕಾಗದಗಳನ್ನು ಅಡಗಿಸಿ ಸಂಗೊಳ್ಳಿ ರಾಯಣ್ಣನಿಗೆ ಮುಟ್ಟಿಸುತ್ತಿದ್ದ ಸೇವಕಿಯೊಬ್ಬಳ ಹೆಸರನ್ನು ಓದಿದಳು. ಆಮೇಲೆ ತಲೆಯೆತ್ತಿ, "ಅಜ್ಜಾರ, ಆಕಿ ಸಮಾಧಿ ಯಾವ ಊರಾಗ ಐತ್ರಿ? ನಿಮಗ ಗೊತ್ತಿರ್ತದಂತ ನಮ್ಮೂರ ಹಿರಿಯರು ಹೇಳಿ ಕಳಿಸ್ಯಾರ" ಎಂದು ಕೇಳಿದಳು.

ನಮಗೆ ಗೊತ್ತಿತ್ತು. ಆಕೆಗೆ ಸಮಾಧಿಯಿಲ್ಲ. ಏಕೆಂದರೆ ಆಕೆ ಹುಟ್ಟಿದವಳೇ ಅಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಊರ ಜಾತ್ರೆಯ ನಾಟಕಕ್ಕಾಗಿ ಆಕೆಯನ್ನು ನಾವೇ ಸೃಷ್ಟಿಸಿದ್ದೆವು. ಸೆರೆಮನೆಯ ದೃಶ್ಯದಲ್ಲಿ ರಾಣಿ ಒಬ್ಬಳೇ ರಂಗದ ಮೇಲೆ ನಿಂತರೆ ಮಾತು ಬೆಳೆಯುವುದಿಲ್ಲವೆಂದು ನಾಟಕದ ಮಾಸ್ತರರು ಹಟ ಹಿಡಿದರು. ಒಂದೇ ರಾತ್ರಿಯಲ್ಲಿ ಸೇವಕಿಯನ್ನು ಹುಟ್ಟಿಸಿ, ಹೆಸರಿಟ್ಟು, ಬುಟ್ಟಿಯನ್ನೂ ಕೈಗೆ ಕೊಟ್ಟೆವು. ನಾಟಕ ಗೆದ್ದಿತು. ಅದರ ಕೈಬರಹದ ಪ್ರತಿ ಸುತ್ತಲಿನ ಹಳ್ಳಿಗಳಿಗೆ ಹೋಯಿತು. ಯಾವುದೋ ಸಭೆಯಲ್ಲಿ ಯಾರೋ ಆ ಸೇವಕಿಯನ್ನು ನೆನೆದು ಭಾಷಣ ಮಾಡಿದರು. ಮತ್ತಾವುದೋ ಸ್ಮರಣ ಸಂಚಿಕೆಯಲ್ಲಿ ಆ ಭಾಷಣ ಲೇಖನವಾಗಿ ಅಚ್ಚಾಯಿತು. ಆ ಲೇಖನ ಈ ಹುಡುಗಿಯ ಟಿಪ್ಪಣಿ ಪುಸ್ತಕಕ್ಕೆ ಬಂತು. ಆ ಹೆಸರನ್ನು ಇಲ್ಲಿ ನಾವು ಮತ್ತೆ ಬರೆಯುವುದಿಲ್ಲ. ಬರೆದರೆ ಇನ್ನೊಂದು ಬೇರು ಬಿಟ್ಟೀತೆಂಬ ಭಯ.

ಬರೆಯುವವರಿಗೆ ಇದೊಂದು ಎಚ್ಚರಿಕೆ. ಸ್ತ್ರೀಯರ ಚರಿತ್ರೆಯನ್ನು ಹುಡುಕಿ ಬರೆಯುವ ಕಾರ್ಯ ಇಂದು ನಮ್ಮ ಸಮಾಜದ ತರುಣಿಯರಲ್ಲಿ ಉತ್ಸಾಹದಿಂದ ನಡೆದಿದೆ. ಕಾದಂಬರಿ, ನಾಟಕ, ಕಥೆಗಳನ್ನು ಬರೆಯುವವರೂ ಅನೇಕರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಎರಡು ದಾರಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಅರಿಯದೆ ನಡೆದರೆ ನಮಗಾದಂತೆಯೇ ಆಗುತ್ತದೆ. ಆದ್ದರಿಂದ ನಮ್ಮ ತಪ್ಪಿನ ಮೂಲವನ್ನೇ ಹಿಡಿದು ಈ ವಿಷಯವನ್ನು ಕಿಂಚಿತ್ ವಿಚಾರ ಮಾಡೋಣ.

ಮೊದಲು ಕಿತ್ತೂರಿನ ದಾಖಲೆಗಳು ಏನನ್ನು ಹೇಳುತ್ತವೆ ನೋಡೋಣ. ಚೆನ್ನಮ್ಮ ಬೆಳಗಾವಿಯ ಸಮೀಪದ ಕಾಕತಿಯ ದೇಸಾಯಿ ಮನೆತನದ ಮಗಳು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿ. 1816ರಲ್ಲಿ ಪತಿ ಲಿಂಗೈಕ್ಯನಾದ ಬಳಿಕ ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದನು. 1824ರ ಸೆಪ್ಟೆಂಬರಿನಲ್ಲಿ ಆತನೂ ಸಂತಾನವಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನೆಂದು ಕಿತ್ತೂರಿನವರು ಕಂಪನಿ ಸರ್ಕಾರಕ್ಕೆ ತಿಳಿಸಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ನಂಬಲಿಲ್ಲ. ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟನು. ರಾಣಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ ಅವರವರೆಗೂ ಮನವಿಯನ್ನು ಒಯ್ದರೂ ಫಲ ದೊರೆಯಲಿಲ್ಲ. ಅಕ್ಟೋಬರ್ 23ರಂದು ಕಾಳಗ ನಡೆದು ಥ್ಯಾಕರೆ ಮಡಿದನು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅವರನ್ನು ಅನಂತರ ಜೀವಸಹಿತ ಬಿಟ್ಟುಕೊಡಲಾಯಿತು. ಡಿಸೆಂಬರಿನ ಆರಂಭದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ನಾಲ್ಕು ವರ್ಷಗಳಿಗೂ ಮಿಕ್ಕ ಸೆರೆವಾಸದ ಬಳಿಕ, 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ಲಿಂಗೈಕ್ಯಳಾದಳು.

ಇನ್ನು ನಮ್ಮ ನಾಟಕವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿರಿ. ನಮ್ಮ ಸೇವಕಿ ಸೆರೆಮನೆಗೆ ಓಡಿಬಂದು, ರಾಯಣ್ಣ ಕಚೇರಿಗಳನ್ನು ಸುಟ್ಟನೆಂದೂ ಖಜಾನೆಯನ್ನು ವಶಪಡಿಸಿಕೊಂಡನೆಂದೂ ರಾಣಿಗೆ ಸುದ್ದಿ ತರುತ್ತಾಳೆ. ರಾಣಿ ಕಣ್ಣೀರಿನ ನಡುವೆ ನಗುತ್ತಾಳೆ. ಆ ದೃಶ್ಯಕ್ಕೆ ಜಾತ್ರೆಯ ಜನ ಅತ್ತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ರಾಯಣ್ಣನ ದಂಗೆ ನಡೆದದ್ದು 1829–30ರಲ್ಲಿ. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ನಾವು ತಂದುಕೊಟ್ಟ ಆ ಸುದ್ದಿಗಳನ್ನು ಕೇಳಲು ರಾಣಿ ಬದುಕಿರಲಿಲ್ಲ. ಸೋತು ಸೆರೆಯಲ್ಲಿದ್ದ ತಾಯಿಗೆ ಒಂದು ಒಳ್ಳೆಯ ಸುದ್ದಿಯನ್ನಾದರೂ ಕೇಳಿಸಬೇಕೆಂಬ ಕನಿಕರ ನಮ್ಮದಾಗಿತ್ತು. ಕನಿಕರದಿಂದ ಹೇಳಿದರೂ ಸುಳ್ಳು ಸುಳ್ಳೇ. ಆಕೆ ಯಾವ ಸಮಾಧಾನವೂ ಇಲ್ಲದೆ ಆ ನಾಲ್ಕು ವರ್ಷಗಳನ್ನು ಸವೆಸಿದಳೆಂಬ ಕಠೋರ ಸತ್ಯವನ್ನು ನಮ್ಮ ನಾಟಕ ಮುಚ್ಚಿಹಾಕಿತು.

ಇದೇ ಬಗೆಯ ಇನ್ನೊಂದು ಸಂಗತಿ ಎಲ್ಲರಿಗೂ ಪರಿಚಿತವಾದುದು. ಶಾಲೆಯ ಸಮಾರಂಭಗಳಲ್ಲಿ ಪುಟ್ಟ ಹುಡುಗಿಯರು ರಟ್ಟಿನ ಖಡ್ಗ ಹಿಡಿದು, ಕಪ್ಪ ಕೇಳಲು ಬಂದ ಬಿಳಿಯನನ್ನು ರಾಣಿಯಾಗಿ ಗದರಿಸುವ ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಆ ಮಾತುಗಳು ನಾಡಿನ ಮನೆಮನೆಗೆ ತಲುಪಿದ್ದು 1961ರಲ್ಲಿ ಬಿ.ಆರ್. ಪಂತುಲು ಅವರು ನಿರ್ದೇಶಿಸಿ, ಬಿ. ಸರೋಜಾದೇವಿಯವರು ರಾಣಿಯಾಗಿ ನಟಿಸಿದ 'ಕಿತ್ತೂರು ಚೆನ್ನಮ್ಮ' ಚಲನಚಿತ್ರದಿಂದ. ಅದೇ ಪಂತುಲು ಅವರು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಚಿತ್ರವನ್ನು ತೆಗೆದಿದ್ದರು. ಅದರಲ್ಲಿಯೂ ಕಪ್ಪ ಕೇಳಿದವನನ್ನು ಪಾಳೆಯಗಾರ ಗದರಿಸುವ ಪ್ರಸಂಗ ಪ್ರಸಿದ್ಧವಾಗಿದೆ. ರಂಗಕ್ಕೆ, ಚಿತ್ರಕ್ಕೆ ಅಂಥ ಮಾತು ಶೋಭಿಸುತ್ತದೆ, ಅದರಲ್ಲಿ ದೋಷವಿಲ್ಲ. ಆದರೆ ಕಿತ್ತೂರು ಪೇಶ್ವೆಯವರಿಗೂ, 1818ರ ಬಳಿಕ ಕಂಪನಿಗೂ ಕಪ್ಪವನ್ನು ಸಲ್ಲಿಸುತ್ತ ಬಂದ ಸಂಸ್ಥಾನ. 1824ರ ವ್ಯಾಜ್ಯ ಕಪ್ಪದ್ದಲ್ಲ, ದತ್ತಕದ್ದು. ಹಾಗೆಯೇ ಡಾಲ್‌ಹೌಸಿಯ ನೀತಿಯ ವಿರುದ್ಧ ರಾಣಿ ಹೋರಾಡಿದಳೆಂದು ಕೆಲವರು ಭಾಷಣ ಮಾಡುವುದುಂಟು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ಅದಕ್ಕೆ 24 ವರ್ಷ ಮೊದಲಿನದು.

"ಇಷ್ಟು ಸೂಕ್ಷ್ಮ ನೋಡಿದರೆ ಕಥೆಯ ಸ್ವಾರಸ್ಯ ಉಳಿಯುವುದೇ?" ಎಂದು ಯಾರಾದರೂ ಕೇಳಬಹುದು. ಉಳಿಯುವುದಷ್ಟೇ ಅಲ್ಲ, ಹೆಚ್ಚುತ್ತದೆ ಎಂಬುದು ನಮ್ಮ ಅನುಭವ. ದತ್ತಕದ ವ್ಯಾಜ್ಯವನ್ನು ಇನ್ನೊಮ್ಮೆ ಓದಿರಿ. ಶಿವಲಿಂಗರುದ್ರಸರ್ಜ ಚೆನ್ನಮ್ಮನ ಹೊಟ್ಟೆಯ ಮಗನಲ್ಲ, ಸವತಿಯ ಮಗ. ಶಿವಲಿಂಗಪ್ಪ ಆ ಸವತಿಯ ಮಗನ ದತ್ತಕ ಪುತ್ರ. ರಕ್ತಸಂಬಂಧದ ಲೆಕ್ಕದಲ್ಲಿ ಆ ಬಾಲಕ ಆಕೆಗೆ ಏನೂ ಅಲ್ಲ. ಆದರೂ ಆ ಮನೆಗೆ ಸೊಸೆಯಾಗಿ ಬಂದ ಹೆಣ್ಣು ಆ ಮನೆಯ ದೀಪ ಆರಬಾರದೆಂದು ಸಾಮ್ರಾಜ್ಯವನ್ನೇ ಎದುರು ಹಾಕಿಕೊಂಡಳು. ಸವತಿ, ಮಲಮಗ, ದತ್ತಕ ಎಂಬ ಮಾತುಗಳ ಭಾರ ನಮ್ಮ ಮನೆತನಗಳಲ್ಲಿ ಬದುಕಿದ ತಾಯಂದಿರಿಗೆ ಗೊತ್ತು. ಕಪ್ಪದ ಸಂಭಾಷಣೆಯಲ್ಲಿ ಈ ಹೆಣ್ಣು ಕಾಣಿಸುವುದಿಲ್ಲ. ಕಾಗದಪತ್ರಗಳನ್ನು ಓದಿದವರಿಗಷ್ಟೇ ಕಾಣಿಸುತ್ತಾಳೆ.

ಆ ಕಾಗದಪತ್ರಗಳನ್ನು ಬರೆದವರು ಯಾರೆಂಬುದನ್ನೂ ಮರೆಯಬಾರದು. ಬಹುಪಾಲು ಆಕೆಯ ವೈರಿಗಳೇ. ಕಂಪನಿಯ ಅಧಿಕಾರಿಗಳ ಪತ್ರಗಳು, 1870ರಲ್ಲಿ ಸ್ಟೋಕ್ಸ್ ಬರೆದ ಬೆಳಗಾವಿ ಜಿಲ್ಲೆಯ ಚರಿತ್ರೆ, 1884ರಲ್ಲಿ ಪ್ರಕಟವಾದ ಬೆಳಗಾವಿಯ ಗೆಝೆಟಿಯರ್, ಇವೆಲ್ಲ ಗೆದ್ದವರ ಬರಹಗಳು. ಅವುಗಳಲ್ಲಿ ಕೋಟೆಯ, ಬೊಕ್ಕಸದ, ಸೈನ್ಯದ ಲೆಕ್ಕಗಳು ದೊರೆಯುತ್ತವೆ. ರಾಣಿ ಬಾಲ್ಯದಲ್ಲಿ ಯಾರ ಜೊತೆ ಆಡಿದಳು, ಪತಿಯನ್ನು ಕಳೆದುಕೊಂಡ ಮೇಲೆ ಅರಮನೆಯಲ್ಲಿ ಆಕೆಯ ಸ್ಥಾನವೇನಾಯಿತು ಎಂಬುದನ್ನು ಬರೆದಿಡುವ ಅಗತ್ಯ ಆ ಅಧಿಕಾರಿಗಳಿಗೆ ತೋರಲಿಲ್ಲ. ಇತ್ತ ನಮ್ಮ ಜನ ತಮ್ಮ ನೆನಪನ್ನು ಲಾವಣಿಗಳಲ್ಲಿ ಇಟ್ಟುಕೊಂಡರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಬಳಿಕ ಸದಾಶಿವ ಒಡೆಯರ ಅವರಂಥ ನಮ್ಮ ವಿದ್ವಾಂಸರು ರಾಣಿಯ ಚರಿತ್ರೆಯನ್ನು ನಮ್ಮ ದೃಷ್ಟಿಯಿಂದ ಬರೆದರು. ಸ್ತ್ರೀ ಚರಿತ್ರೆಯನ್ನು ಬರೆಯುವವರು ಈ ಮೂರನ್ನೂ, ಅಂದರೆ ವೈರಿಯ ಕಾಗದ, ಜನರ ಹಾಡು, ವಿದ್ವಾಂಸರ ವಿವೇಚನೆಗಳನ್ನು ಒಂದರ ಮುಂದೊಂದು ಇಟ್ಟು ಓದಬೇಕಾಗುತ್ತದೆ. ಒಂದನ್ನೇ ನಂಬಿದರೆ ಒಂದೇ ಕಣ್ಣಿನಿಂದ ನೋಡಿದಂತೆ.

ಎರಡು ನೂರು ವರ್ಷಗಳ ಹಿಂದಿನ ರಾಣಿಯ ವಿಷಯದಲ್ಲೇ ಹೀಗಾದರೆ ಒಂಬತ್ತು ಶತಮಾನಗಳ ಹಿಂದಿನ ನಮ್ಮ ಶರಣೆಯರ ಗತಿಯೇನು? ಅಕ್ಕಮಹಾದೇವಿಯನ್ನೇ ತೆಗೆದುಕೊಳ್ಳೋಣ. ಆಕೆಗೆ ಕೌಶಿಕನೊಡನೆ ವಿವಾಹವಾಯಿತೇ? ಆಕೆಯ ಕಾಲಕ್ಕೆ ಬಹು ಸಮೀಪದವನಾದ ಹರಿಹರ ಕವಿ ತನ್ನ ರಗಳೆಯಲ್ಲಿ ಆಯಿತೆನ್ನುತ್ತಾನೆ. ಅಕ್ಕ ವಿಧಿಸಿದ ಕಟ್ಟಳೆಗಳನ್ನು ಕೌಶಿಕ ಮುರಿದಾಗ ಎಲ್ಲವನ್ನೂ ತೊರೆದು ಆಕೆ ಶ್ರೀಶೈಲದ ಕಡೆಗೆ ಹೊರಟಳೆಂಬುದು ಆತನ ನಿರೂಪಣೆ. ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಆ ವಿವಾಹ ನಡೆಯುವುದೇ ಇಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕನನ್ನು ಪರೀಕ್ಷಿಸಿದ ಸಂವಾದವನ್ನು 'ಶೂನ್ಯಸಂಪಾದನೆ' ವಿಸ್ತಾರವಾಗಿ ನಿರೂಪಿಸುತ್ತದೆ. ಹರಿಹರನ ರಗಳೆಯಲ್ಲಿ ಕಲ್ಯಾಣದ ಆ ಪ್ರಸಂಗವಿಲ್ಲ.

ಹಾಗಾದರೆ ಇವರಲ್ಲಿ ಯಾರು ಸುಳ್ಳು ಹೇಳಿದರು? ಹಾಗೆ ಕೇಳುವುದೇ ಸರಿಯಲ್ಲ. ಹರಿಹರನಿಗೆ ಸಂಸಾರದ ಬೇಲಿಯನ್ನು ದಾಟಿದ ಭಕ್ತೆ ಬೇಕಾಗಿದ್ದಳು. ಚಾಮರಸನಿಗೆ ಮಾಯೆ ಎಂದೂ ಮುಟ್ಟದ ವಿರಾಗಿಣಿ ಬೇಕಾಗಿದ್ದಳು. ಶೂನ್ಯಸಂಪಾದನಕಾರರಿಗೆ ಅನುಭಾವದ ಚರ್ಚೆ ಮುಖ್ಯವಾಗಿತ್ತು. ಒಬ್ಬೊಬ್ಬರೂ ತಮ್ಮ ಕಾಲದ ಪ್ರಶ್ನೆಗೆ ಅಕ್ಕನಲ್ಲಿ ಉತ್ತರವನ್ನು ಹುಡುಕಿದರು. ನಮ್ಮ ಕಾಲದಲ್ಲಿ ಎಚ್. ತಿಪ್ಪೇರುದ್ರಸ್ವಾಮಿಯವರು 'ಕದಳಿಯ ಕರ್ಪೂರ' ಎಂಬ ಕಾದಂಬರಿಯನ್ನು ಬರೆದಾಗ ಅವರ ಮುಂದೆಯೂ ಇವೇ ಆಕರಗಳಿದ್ದವು. ಕಾದಂಬರಿಕಾರ ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು. ಎರಡನ್ನೂ ನಡೆಸಲು ಕಥೆಯಲ್ಲಿ ಆಗದು. ಆದರೆ ಸಂಶೋಧಕ ಆಯ್ದುಕೊಳ್ಳದೆ, ಹರಿಹರ ಹೀಗೆಂದ, ಚಾಮರಸ ಹಾಗೆಂದ ಎಂದು ಎರಡನ್ನೂ ಓದುಗರ ಮುಂದಿಡಬೇಕು. ಕಾದಂಬರಿ ಓದಿ ಅಕ್ಕನನ್ನು ಪ್ರೀತಿಸಿರಿ. ಆದರೆ ಮಕ್ಕಳು ಪ್ರಶ್ನೆ ಕೇಳಿದಾಗ ಕಾದಂಬರಿಯನ್ನು ಸಾಕ್ಷಿಗೆ ಕರೆಯಬೇಡಿರಿ.

ಅಕ್ಕನ ವಚನಗಳು ನಾನೂರಕ್ಕೂ ಮಿಕ್ಕಿ ಉಳಿದಿವೆ. ಆಕೆಯ ಓರಗೆಯ ಎಷ್ಟೋ ಶರಣೆಯರಿಗೆ ಆ ಭಾಗ್ಯವಿಲ್ಲ. ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಎಂ.ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ಐದನೆಯ ಸಂಪುಟವನ್ನು ವೀರಣ್ಣ ರಾಜೂರ ಅವರು ಶಿವಶರಣೆಯರ ವಚನಗಳಿಗಾಗಿಯೇ ಸಂಪಾದಿಸಿದರು. ಅದರ ಪರಿವಿಡಿಯನ್ನು ಒಮ್ಮೆ ನಿಧಾನವಾಗಿ ಓದಿರೆಂದು ನಮ್ಮ ಓದುಗ ತಾಯಂದಿರಲ್ಲಿ ವಿನಂತಿ. ಮೂವತ್ತಕ್ಕೂ ಹೆಚ್ಚು ಹೆಸರುಗಳು. ನೂಲುವ ಕದಿರೆ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಕನ್ನಡಿ ಕಾಯಕದ ರೇಮಮ್ಮ, ಸೂಳೆ ಸಂಕವ್ವೆ. ಇವರಲ್ಲಿ ಸೋಮಮ್ಮ, ಸಂಕವ್ವೆಯರಂಥವರದು ಉಳಿದಿರುವುದು ಒಂದೊಂದೇ ವಚನ. ಇನ್ನು ಹಲವರ ಗುರುತು ಪತಿಯ ಹೆಸರಿನಿಂದ: ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ತಮ್ಮ ಸ್ವಂತ ಮಾತಿನಿಂದ ವಚನ ಬರೆದವರನ್ನೂ ಓಲೆಗರಿಯ ಲಿಪಿಕಾರರು ಹೀಗೆ ಗುರುತಿಸಿದರು. ಹೀಗೆ ಗುರುತಿಸಿದ್ದರಿಂದಲೇ ಅವರು ಯಾರೆಂಬುದು ನಮಗೆ ತಿಳಿಯಿತೆಂಬುದೂ ನಿಜವೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಬಲ್ಲವರು ಸ್ತ್ರೀ ಚರಿತ್ರೆಯನ್ನು ಬರೆಯಲು ಯೋಗ್ಯರು.

ಆ ಓಲೆಗರಿಗಳು ನಮ್ಮ ಕೈಗೆ ತಾವಾಗಿ ಬಂದವೇ? ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮಠ-ಮನೆಗಳ ಗಂಟುಗಳನ್ನು ಬಿಚ್ಚಿಸಿ, ಹುಳು ತಿಂದ ಗರಿಗಳಿಂದ ಒಂದೊಂದೇ ವಚನವನ್ನು ಎತ್ತಿಕೊಂಡರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಅಚ್ಚುಕೂಟಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಸಂಕವ್ವೆಯ ಒಂದೇ ವಚನವನ್ನು ಹೊತ್ತ ಗರಿಯನ್ನು ಯಾರಾದರೂ ಒಲೆಗೆ ಹಾಕಿದ್ದರೆ ಆಕೆ ಎಂಬವಳು ಇದ್ದಳೆಂಬ ಸುಳಿವೂ ನಮಗೆ ಉಳಿಯುತ್ತಿರಲಿಲ್ಲ.

ಕಥೆ, ಕಾದಂಬರಿ, ನಾಟಕಗಳನ್ನು ಬರೆಯಬಯಸುವ ಸಹೋದರಿಯರಿಗೆ ಸೋತು ಕಲಿತ ನಾವು ನಾಲ್ಕು ಮಾತು ಹೇಳುವ ಸಲಿಗೆ ವಹಿಸುತ್ತೇವೆ. ಮೊದಲನೆಯದು, ಲೇಖನಿ ಹಿಡಿಯುವ ಮುನ್ನ ವರ್ಷಗಳ ಪಟ್ಟಿಯನ್ನು ಹಾಕಿಕೊಳ್ಳಿರಿ. ಯಾರು ಯಾವಾಗ ತೀರಿಕೊಂಡರು, ಯಾವ ಘಟನೆ ಮೊದಲು, ಯಾವುದು ಅನಂತರ ಎಂಬುದು ಒಂದೇ ಹಾಳೆಯಲ್ಲಿ ಕಣ್ಣೆದುರಿಗೆ ಇರಲಿ. ನಮ್ಮ ಬಳಿ ಆ ಹಾಳೆ ಇದ್ದಿದ್ದರೆ ಸತ್ತ ರಾಣಿಗೆ ಸುದ್ದಿ ಮುಟ್ಟಿಸುವ ಪ್ರಮಾದ ಆಗುತ್ತಿರಲಿಲ್ಲ.

ಎರಡನೆಯದು, ಅಡುಗೆಮನೆಯಲ್ಲಿ ಎಚ್ಚರಿಕೆ. ಹನ್ನೆರಡನೆಯ ಶತಮಾನದ ಶರಣೆಯ ಮನೆಯಲ್ಲಿ ಮೆಣಸಿನಕಾಯಿ ಚಟ್ನಿ ಅರೆಯುವಂತಿಲ್ಲ, ಶೇಂಗಾ ಹಿಂಡಿ ಬಡಿಸುವಂತಿಲ್ಲ, ಬಟಾಟೆ ಪಲ್ಯ ಮಾಡುವಂತಿಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಈ ದೇಶಕ್ಕೆ ಬಂದ ಮೇಲೆಯೇ ನಮ್ಮ ನೆಲಕ್ಕೆ ಕಾಲಿಟ್ಟವು. ಅಂದಿನ ಖಾರವೆಂದರೆ ಕರಿಮೆಣಸು, ಶುಂಠಿ. ಅಂತೆಯೇ ರಾಣಿ ಚೆನ್ನಮ್ಮನ ಮುಖವನ್ನು ವರ್ಣಿಸುವಾಗ ಗೋಡೆಯ ಪಟವನ್ನು ನೋಡಿ ಬರೆಯಬೇಡಿರಿ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ, ಆಕೆ ತೀರಿದ ಹತ್ತು ವರ್ಷಗಳ ಮೇಲೆ. ನಾವು ಪೂಜಿಸುವ ಪಟಗಳು ಕಲಾವಿದರ ಭಾವನೆಗಳು.

ಮೂರನೆಯದು, ಅವರ ಬಾಯಲ್ಲಿ ನಮ್ಮ ಮಾತುಗಳನ್ನು ತುರುಕಬೇಡಿರಿ. ಇಂದಿನ ಸಭೆಗಳ ಸ್ತ್ರೀ ಸ್ವಾತಂತ್ರ್ಯದ ಭಾಷಣವನ್ನು ಸಂಕವ್ವೆಯಿಂದ ಮಾಡಿಸುವುದು ಹೇಗೆ ಅನ್ಯಾಯವೋ, ಅಕ್ಕನಂಥ ದಿಟ್ಟೆಯನ್ನು ತಲೆತಗ್ಗಿಸಿ ನಿಲ್ಲುವ ಸಾಧುಗುಣದ ಸೊಸೆಯನ್ನಾಗಿ ಚಿತ್ರಿಸುವುದೂ ಹಾಗೆಯೇ ಅನ್ಯಾಯ. ನಮಗೆ ಹಿತವಾಗಲೆಂದು ಅವರು ಬದುಕಿದವರಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಪುಸ್ತಕದ ಮೊದಲಲ್ಲಿಯೋ ಕೊನೆಯಲ್ಲಿಯೋ ಒಂದು ಪುಟದ ಅರಿಕೆಯನ್ನು ಬರೆಯಿರಿ. ಇಂಥಿಂಥವರು ಚರಿತ್ರೆಯಲ್ಲಿದ್ದವರು, ಇಂಥವರು ನನ್ನ ಕಲ್ಪನೆ, ಇಂಥ ಘಟನೆಯ ಕಾಲವನ್ನು ಕಥೆಯ ಅನುಕೂಲಕ್ಕಾಗಿ ಹಿಂದುಮುಂದು ಮಾಡಿದ್ದೇನೆ ಎಂದು ನಿರ್ವಂಚನೆಯಿಂದ ಹೇಳಿರಿ. ಅದರಿಂದ ಕಥೆಯ ರಸ ಕಡಿಮೆಯಾಗದು, ಓದುಗರ ವಿಶ್ವಾಸ ಹೆಚ್ಚುತ್ತದೆ.

ಕಥೆ ಬರೆಯದವರಿಗೆ ಈ ಮಾತುಗಳಿಂದ ಏನು ಪ್ರಯೋಜನವೆಂದು ಭಾವಿಸಬೇಡಿರಿ. ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ಅಂಗಳದಲ್ಲಿ ಎತ್ತನ್ನು ನಿಲ್ಲಿಸಿ, ತಮ್ಮ ಹಳೆಯ ಹೊತ್ತಿಗೆಯನ್ನು ಬಿಚ್ಚಿ, ನಮ್ಮ ಮನೆತನದ ವಂಶಾವಳಿಯನ್ನು ರಾಗವಾಗಿ ಓದುವರು. ಯಾರ ಮಗ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು ಎಂದೆಲ್ಲ ಏಳೆಂಟು ತಲೆಗಳ ಹೆಸರುಗಳು ಸರಾಗವಾಗಿ ಬರುತ್ತಿದ್ದವು. ಒಂದು ವರ್ಷ ಕಾಳು ನೀಡಲು ಮೊರ ಹಿಡಿದು ಬಂದ ನಮ್ಮ ತಾಯಿ ಹೊಸ್ತಿಲಲ್ಲಿಯೇ ನಿಂತು, "ಏನಪಾ, ನಮ್ಮ ಮನ್ಯಾಗ ಗಂಡಸರ ಗಂಡಸರನ್ನ ಹಡದಾರೇನು?" ಎಂದು ಕೇಳಿದಳು. ಅಂಗಳವೆಲ್ಲ ನಕ್ಕಿತು. ಹೆಳವನೂ ನಕ್ಕು ಹೊತ್ತಿಗೆಯನ್ನು ಮುಚ್ಚಿದ. ತಾಯಿ ನಗಲಿಲ್ಲವೆಂಬುದು ನಮಗೆ ಈಗ ನೆನಪಾಗುತ್ತಿದೆ. ಆಕೆಗೆ ತನ್ನ ಅತ್ತೆಯ ಅತ್ತೆಯ ಹೆಸರನ್ನು ತಿಳಿಯುವ ಆಸೆಯಿತ್ತು. ಆ ಹೆಸರು ಆ ಹೊತ್ತಿಗೆಯಲ್ಲಿ ಇರಲಿಲ್ಲ.

ಆದ್ದರಿಂದ ಪ್ರತಿಯೊಂದು ಮನೆಯವರಲ್ಲಿಯೂ ನಮ್ಮ ಕೋರಿಕೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ಅತ್ತೆಯೋ ಇದ್ದರೆ ಅವರ ಬಳಿ ಕುಳಿತುಕೊಳ್ಳಿರಿ. ಇಸವಿಗಳನ್ನು ಕೇಳಿದರೆ ಅವರು ಹೇಳಲಾರರು. 1956ರಲ್ಲಿ ನಾಡು ಒಂದಾದ ಕಾಲ, 1972ರ ಬರ, ಊರಿಗೆ ವಿದ್ಯುದ್ದೀಪ ಬಂದ ವರ್ಷ ಎಂದು ಕೇಳಿದರೆ ತಾವಾಗಿಯೇ ಹೇಳುತ್ತಾರೆ. ತವರು ಯಾವುದು, ಎಷ್ಟನೆಯ ವಯಸ್ಸಿಗೆ ಲಗ್ನವಾಯಿತು, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಬರದ ವರ್ಷ ಮನೆಯವರಿಗೆ ಏನು ಬೇಯಿಸಿ ಹಾಕಿದರು, ಬೀಸುವಾಗ ಯಾವ ಪದ ಹಾಡುತ್ತಿದ್ದರು, ಅಕ್ಷರ ಕಲಿತದ್ದು ಎಲ್ಲಿ ಅಥವಾ ಕಲಿಯದೆ ಉಳಿದದ್ದು ಯಾಕೆ, ಅವರ ತಾಯಿಯ ತಾಯಿಯ ಹೆಸರೇನು ಎಂದು ಕೇಳಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ತಿದ್ದಿ ಗ್ರಂಥಸ್ಥ ಭಾಷೆಗೆ ತರಬೇಡಿರಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ ಅವರ ಧ್ವನಿಯನ್ನೂ ಹಿಡಿದಿಡಬಹುದು. ಅವರು ಕಂಡದ್ದು, ಅವರು ಕೇಳಿದ್ದು, ನೀವು ಊಹಿಸಿದ್ದು, ಈ ಮೂರನ್ನು ಬೇರೆ ಬೇರೆಯಾಗಿ ಗುರುತು ಮಾಡಿರಿ. ಟ್ರಂಕಿನಲ್ಲಿರುವ ಹಳೆಯ ಲಗ್ನಪತ್ರಿಕೆ, ವಾಟ್ನಿ ಪತ್ರ, ಹೊಲದ ಉತಾರ, ಅಂಗಡಿಯ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತಿರುವಿ ನೋಡಿರಿ. ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಯಾವಳೋ ಒಬ್ಬ ಮುತ್ತಜ್ಜಿಯ ಹೆಸರು ಮೊದಲ ಸಲ ನಿಮ್ಮ ಕಣ್ಣಿಗೆ ಬಿದ್ದೀತು.

ಇನ್ನು ಆ ವಿದ್ಯಾರ್ಥಿನಿಯ ವಿಷಯ. ನಾವು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆವು. ಆಕೆಯ ಮುಖ ಬಾಡಿತು. ಎರಡು ತಿಂಗಳು ಊರೂರು ಅಲೆದು ಹುಡುಕಿದ ಹೆಸರು ಅದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೆಸರಿನ ಮೇಲೆ ಗೆರೆ ಎಳೆದಳು. ಬಳಿಕ, "ಹಂಗಾರ ಅಜ್ಜಾರ, ಆ ನಾಕು ವರ್ಷ ರಾಣೆವ್ವಗ ರೊಟ್ಟಿ ಮಾಡಿ ಹಾಕಿದವರು ಯಾರ್ರಿ?" ಎಂದು ಕೇಳಿದಳು.

ಬಂಧುಗಳೇ, ಮೂವತ್ತು ವರ್ಷಗಳಲ್ಲಿ ನಮಗೆ ಹೊಳೆಯದ ಪ್ರಶ್ನೆ ಅದು. ಯಾರೋ ಒಬ್ಬಳು ಇದ್ದೇ ಇದ್ದಳಲ್ಲವೇ? ಹಿಟ್ಟು ನಾದಿದವಳು, ನೀರು ಹೊತ್ತವಳು, ಪೂಜೆಗೆ ಪತ್ರಿ ತಂದವಳು. ನಾವು ಓದಿದ ಯಾವ ಪುಸ್ತಕದಲ್ಲಿಯೂ ಆಕೆಯ ಹೆಸರಿಲ್ಲ. ಆಕೆಯನ್ನು ಹುಡುಕಬೇಕಾಗಿದ್ದ ಜಾಗದಲ್ಲಿ ನಾವು ಒಂದು ಕಟ್ಟಿದ ಹೆಸರನ್ನು ಕೂರಿಸಿದೆವು. ಜಾಗ ತುಂಬಿತೆಂದು ತಿಳಿದ ಜನ ಹುಡುಕುವುದನ್ನೇ ಬಿಟ್ಟರು. ಬರೆಯದೆ ಬಿಟ್ಟವರು ಆಕೆಯನ್ನು ಒಮ್ಮೆ ಮರೆಸಿದರು, ಬರೆದ ನಾವು ಇನ್ನೊಮ್ಮೆ ಮರೆಸಿದೆವು. ಆ ಹುಡುಗಿ ತನ್ನ ಪುಸ್ತಕದಲ್ಲಿ ಗೆರೆ ಎಳೆದ ಸಾಲಿನ ಕೆಳಗೆ 'ಸೆರೆಯಲ್ಲಿ ಸೇವೆ ಮಾಡಿದವಳು: ಹೆಸರು ತಿಳಿಯದು, ಹುಡುಕಬೇಕು' ಎಂದು ಬರೆದುಕೊಂಡಳು. ನಮ್ಮ ನಾಟಕದ ಅಷ್ಟೂ ಪುಟಗಳಿಗಿಂತ ಆ ಒಂದು ಸಾಲು ಹೆಚ್ಚಿನದೆಂದು ನಮಗೆ ತೋರಿತು.

ನಾಟಕದ ಮೂಲ ಪ್ರತಿಯ ಮೊದಲ ಹಾಳೆಗೆ ಈಗ ಒಂದು ಅರಿಕೆಯನ್ನು ಅಂಟಿಸಿದ್ದೇವೆ. ಆ ನಾಟಕದ ಪ್ರತಿ ಯಾರ ಮನೆಯಲ್ಲಿಯಾದರೂ ಇದ್ದರೆ, ಸೇವಕಿಯ ಪಾತ್ರವೂ ರಾಯಣ್ಣನ ಸುದ್ದಿಯೂ ಕೇವಲ ಕಲ್ಪನೆಯೆಂದು ಅದರ ಮೇಲೆ ದಯವಿಟ್ಟು ಬರೆದುಕೊಳ್ಳಿರಿ. ಹಾಗೆಯೇ ಈ ತಿಂಗಳು ನಿಮ್ಮ ಮನೆಯ ಒಬ್ಬ ಮುತ್ತಜ್ಜಿಯ ಹೆಸರನ್ನಾದರೂ ಹುಡುಕಿ ಬರೆದಿಡಿರಿ.